ಸೀಟಿಗೆ ಬಗ್ಗದ ನಾಯಿ

ನಾನು ದೊಡ್ಡಬಳ್ಳಾಪುರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಮೈದಾನದಲ್ಲಿ ನಿಂತು ಒಂದು ಸೀಟಿ ಊದಿದರೆ ಮುನ್ನೂರು ಮಕ್ಕಳು ಸಾವಧಾನ್‌ಗೆ ಬರುತ್ತಾರೆ. ಹಾಗಾಗಿ ಮಗಳ ಹಠಕ್ಕೆ ಮನೆಗೆ ಪಾಮೇರಿಯನ್ ಮರಿ ಬಂದಾಗ, ಇದನ್ನು ತಿದ್ದುವುದು ನನಗೆ ನೀರು ಕುಡಿದಷ್ಟು ಸಲೀಸು ಎಂದು ಊಟಕ್ಕೆ ಕೂತವರ ಮುಂದೆ ಹೇಳಿಬಿಟ್ಟೆ. ಹೇಳಬಾರದಿತ್ತು.

ಸೀಟಿ ಕೇಳಿದರೆ ಅದಕ್ಕೆ ಖುಷಿ. ಊದಿದಷ್ಟೂ ಮನೆಯ ಸುತ್ತ ಓಡುತ್ತಿತ್ತು, ಹಿಂದೆ ನಾನು ಓಡುತ್ತಿದ್ದೆ. ನಾಯಿ ಪಳಗಿಸುವ ವಿಡಿಯೊಗಳನ್ನು ಫೋನಿನಲ್ಲಿ ನೋಡಿಕೊಂಡು, ತೀರಿಹೋದ ಅಪ್ಪನ ಫೋಟೊ ಇರುವ ಒಳಕೋಣೆಯಲ್ಲಿ ಗೋಣಿತಾಟು ಹಾಸಿ ತರಬೇತಿ ಶುರು ಮಾಡಿದೆ. 'ಸಿಟ್' ಎಂದರೆ ನಿಲ್ಲುತ್ತಿತ್ತು. 'ಸ್ಟೇ' ಎಂದರೆ ನನ್ನ ಕೈಯ ಬಿಸ್ಕತ್ತು ಕಸಿದುಕೊಂಡು ಹೋಗುತ್ತಿತ್ತು. ತಿಂಗಳಾಗುವಷ್ಟರಲ್ಲಿ ಬಿಸ್ಕತ್ತನ್ನು ಎಷ್ಟು ಬೇಗ ಕೊಡಬೇಕೆಂದು ಅದೇ ನನಗೆ ಕಲಿಸಿತ್ತು. ಜನರೊಂದಿಗೆ ಬೆರೆಯಲೆಂದು ನೆರೆಹೊರೆಯವರನ್ನು ಕರೆದರೆ, ಬೆದರಿ ಗೋಣಿತಾಟಿನ ಮೇಲೆ ಹೋಗಿ ಮುದುರಿಕೊಳ್ಳುತ್ತಿತ್ತು. ಅದನ್ನಾದರೂ ನಾನು ಕಲಿಸಿದ್ದು ಎಂದು ಹೇಳಿಕೊಂಡು ತಿರುಗಿದೆ.

ಅವ್ವ ಈ ತರಬೇತಿಗೆ ತಲೆಹಾಕಲಿಲ್ಲ. ನಾಯಿಯನ್ನು ಮುಟ್ಟುತ್ತಲೂ ಇರಲಿಲ್ಲ. ಸಂಜೆ ಜಗಲಿಯಲ್ಲಿ ಅದರ ತಟ್ಟೆಗೆ ಸಾರು ಕಲಸಿದ ಮುದ್ದೆ ಹಾಕಿ, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದು, 'ಉಣ್ಣಪ್ಪ' ಅನ್ನುತ್ತಿದ್ದಳು. ಆ ನಡುವೆ ನಾಯಿ ಏನು ಮಾಡುತ್ತಿತ್ತೆಂದು ನಾನು ನೋಡಿದವನಲ್ಲ. ಆ ಹೊತ್ತಿಗೆ ನಾನು ವಿಡಿಯೊ ನೋಡುತ್ತಿರುತ್ತಿದ್ದೆ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ದಿನ ನಾಯಿ ಯಾವುದಕ್ಕಾದರೂ ಬಾಯಿ ಹಾಕಿದರೆ, ಮಾರನೆಯ ದಿನವೇ ಅದನ್ನು ಸಮೇತನಹಳ್ಳಿಯಲ್ಲಿರುವ ನನ್ನ ತಂಗಿಯ ತೋಟಕ್ಕೆ ಕಳಿಸಬೇಕೆಂದು ಅವ್ವ ಹೇಳಿದಳು. ಮಗಳು ಅತ್ತಳು. ಅದೆಲ್ಲ ನನಗೆ ಬಿಡಿ ಎಂದು ನಾನು ಎದೆ ತಟ್ಟಿಕೊಂಡೆ. ಮಗಳು ಇನ್ನೂ ಜೋರಾಗಿ ಅತ್ತಳು.

ನಮ್ಮಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಬಂದು ಕೋಣೆಯ ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ತೆಗೆಯುವಂತಿಲ್ಲ. ಏಳೆಂಟು ವರ್ಷದವನಿದ್ದಾಗ ನಾನು ಆ ಕೋಣೆಯಲ್ಲಿ ಅವಿತುಕೊಂಡು ಒಂದು ವಡೆ ತಿಂದಿದ್ದೆ. ಬಾಗಿಲು ತೆಗೆದಾಗ ಮೆಲ್ಲಗೆ ನುಸುಳಿ ಗುಂಪಿಗೆ ಸೇರಿಕೊಂಡಿದ್ದೆ. ಈ ಸಲ ನಿಮ್ಮ ತಾತನೇ ಬಂದು ತಿಂದವ್ರೆ ಎಂದು ಅವ್ವ ಎಲ್ಲರಿಗೂ ಹೇಳಿದಾಗ ನಾನೂ ಭಕ್ತಿಯಿಂದ ಕೈಮುಗಿದಿದ್ದೆ. ಈ ಸಂಗತಿಯನ್ನು ಹೆಂಡತಿಗೂ ಹೇಳಿಲ್ಲ.

ಹಬ್ಬದ ದಿನ ಅಪ್ಪನ ಫೋಟೊ ಮುಂದೆ ಬಾಳೆಲೆಯಲ್ಲಿ ಮುದ್ದೆ, ಮಟನ್, ವಡೆ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಧೂಪ ಹಾಕಿ ಬಾಗಿಲು ಮುಚ್ಚಿಕೊಂಡು ಬಂದೆವು. ಆಗ ಮಗಳು ನನ್ನ ಅಂಗಿ ಜಗ್ಗಿ, ನಾಯಿ ಎಲ್ಲೂ ಕಾಣುತ್ತಿಲ್ಲ ಎಂದಳು. ನೆಂಟರ ಗದ್ದಲಕ್ಕೆ ಬೆದರಿ ಅದು ಎಲ್ಲಿಗೆ ಹೋಗಿರುತ್ತದೆಂದು ನನಗೆ ತಕ್ಷಣ ಹೊಳೆಯಿತು. ನಾನು ಕಲಿಸಿದ ಒಂದೇ ಒಂದು ಪಾಠವನ್ನು ಅದು ಆ ದಿನವೇ ಒಪ್ಪಿಸಿತ್ತು. ಒಳಗೆ, ರಾಗಿ ಡ್ರಮ್ಮಿನ ಹಿಂದಿನ ಗೋಣಿತಾಟಿನ ಮೇಲಿತ್ತು.

ಬಾಗಿಲು ತೆಗೆಯುವಂತಿಲ್ಲ. ಸೀಟಿ ಜೇಬಿನಲ್ಲೇ ಇತ್ತು, ಊದುವಂತಿಲ್ಲ. ಒಳಗೆ ಏನೋ ಪರಪರ ಅಂದಿತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೈಮುಗಿದರು. ನಾನೂ ಮುಗಿದೆ, ನಾಯಿಗೆ. ನನ್ನ ಕೈ ಹಿಡಿದಿದ್ದ ಮಗಳ ಅಂಗೈ ಒದ್ದೆಯಾಗಿತ್ತು. ದೊಡ್ಡ ಮಾತಾಡಿದ ನನ್ನ ಬಾಯಿಗೆ ಅವಳ ನಾಯಿ ದಂಡ ತೆರಬೇಕಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅವ್ವ ಬಾಗಿಲು ತಟ್ಟಿ, ತೆಗೆದಳು. ಎಡೆಯಿಂದ ಒಂದು ಗೇಣು ದೂರದಲ್ಲಿ ನಾಯಿ ಕೂತಿತ್ತು. ಜೊಲ್ಲು ನೆಲಕ್ಕಿಳಿದಿತ್ತು. ಎಲೆಯಲ್ಲಿ ಒಂದಗುಳೂ ಕದಲಿರಲಿಲ್ಲ. ನಾನು ನೆಂಟರಿಗೆ ಕೇಳಿಸುವಂತೆ 'ಸ್ಟೇ' ಅಂದೆ. ಅದು ನನ್ನ ಕಡೆ ತಿರುಗಲೂ ಇಲ್ಲ, ಅವ್ವನ ಮುಖವನ್ನೇ ನೋಡುತ್ತಿತ್ತು. ದಿನಾ ಸಂಜೆ ಅವಳು ದೀಪ ಹಚ್ಚಿ ಬರುವವರೆಗೆ ಅದು ಏನು ಮಾಡುತ್ತಿತ್ತೆಂದು ನನಗೆ ಆಗ ತಿಳಿಯಿತು.

ಅವ್ವ ಅಪ್ಪನ ಎಲೆಯಿಂದ ಒಂದು ವಡೆ ಎತ್ತಿ ಅದರ ಮುಂದಿಟ್ಟು, 'ಉಣ್ಣಪ್ಪ' ಅಂದಳು. ಅದು ತಿನ್ನುವುದನ್ನು ನೋಡುತ್ತಾ ನಿಂತು, ಆಮೇಲೆ ನನಗಷ್ಟೇ ಕೇಳಿಸುವಂತೆ ಹೇಳಿದಳು:

"ತೋಟಕ್ಕೇನೂ ಬೇಡ, ಇಲ್ಲೇ ಇರ್ಲಿ. ನಿನ್ನಂಗಲ್ಲ ಕಣೋ ಇದು, ವಡೆ ಮುಟ್ಟಿಲ್ಲ."