ಐದು ಮೆಟ್ಟಿಲು ಹೆಚ್ಚು

ಮೊನ್ನೆ ಮಲವಗೊಪ್ಪದಲ್ಲಿ ನಾನೇ ನಕ್ಷೆ ಮಾಡಿದ ಶಾಲೆಯ ಕೆಲಸ ನೋಡಲು ಹೋಗಿದ್ದೆ. ಹೊಸ ತಾರಸಿಗೆ ಹೊದಿಸಿದ್ದ ಒದ್ದೆ ಗೋಣಿಚೀಲಗಳಿಂದ ಬಿಸಿಲಿಗೆ ವಾಸನೆ ಏಳುತ್ತಿತ್ತು. ನಾರು, ಸಿಮೆಂಟು, ನೀರು ಮೂರೂ ಬೆರೆತ ವಾಸನೆ. ಅದು ಮೂಗಿಗೆ ಬಡಿದರೆ ನನಗೆ ಅಕ್ಕ ನೆನಪಾಗುತ್ತಾಳೆ...

ಅಕ್ಕ ಅಂದರೆ ರಕ್ತಸಂಬಂಧವಲ್ಲ. ನಾನು ಕಟ್ಟಿಸಿದ ಮೊದಲ ಮನೆಗೆ ಗಾರೆ ಹೊತ್ತವಳು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಆರ್ಕಿಟೆಕ್ಚರ್ ಮುಗಿಸಿ ಶಿವಮೊಗ್ಗಕ್ಕೆ ಬಂದಾಗ ಹುಡುಗಿಯ ಕೈಯಲ್ಲಿ ಮನೆ ಕಟ್ಟಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ವರ್ಷ ಕಾದ ಮೇಲೆ, ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು ಗೋಪಾಳದ ತಮ್ಮ ಸೈಟನ್ನು ನನಗೆ ಒಪ್ಪಿಸಿದರು. ಅಪ್ಪ ಸ್ಕೂಟರಿನಲ್ಲಿ ನನ್ನನ್ನು ಬಿಟ್ಟುಹೋಗುತ್ತಿದ್ದರು. ಮೇಸ್ತ್ರಿ ನನ್ನನ್ನು ದಾಟಿ ಅಪ್ಪನನ್ನೇ ಕೇಳುತ್ತಿದ್ದ, "ಸಾರ್, ಕಿಟಕಿ ಎಲ್ಲಿಗೆ ಬರುತ್ತೆ?" ಅಪ್ಪ ಬ್ಯಾಂಕಿನ ಗುಮಾಸ್ತರು. ಅವರಿಗೇನು ಗೊತ್ತು ಪಾಪ.

ಅಕ್ಕ ದಿನಾ ಭದ್ರಾವತಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಮನೆಮಾತು ತಮಿಳು, ಕನ್ನಡ ಅವಳದೇ ಒಂದು ತರಹ. ಮೆಟ್ಟಿಲಿಗೆ ಕಾಂಕ್ರೀಟು ಸುರಿಯಲು ಸೆಂಟ್ರಿಂಗ್ ಹಲಗೆ ಬಿಗಿದು ಮುಗಿದ ದಿನ ಗಾರೆಯ ಬಾಂಡ್ಲಿ ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಈ ಮೆಟ್ಲು ಬರ್ದಿದ್ದು ನೀವಾಮ್ಮಾ?"

"ಹೌದು, ಯಾಕೆ?"

"ಒಂದ್ಸಲ ತಲೆ ಮೇಲೆ ಭಾರ ಇಟ್ಕೊಂಡು ಹತ್ತಿ ನೋಡಿ."

ನನಗೆ ಕೋಪ ಬಂತು. ಆದರೂ ಬಾಂಡ್ಲಿ ತುಂಬ ಮರಳು ಹಾಕಿಸಿಕೊಂಡು ಹತ್ತಿದೆ. ಆರನೇ ಮೆಟ್ಟಿಲಿಗೆ ಬಾಂಡ್ಲಿ ಇಳಿಸಿ ಕೂತುಬಿಟ್ಟೆ. ಹಾಲ್ ದೊಡ್ಡದಾಗಿ ಕಾಣಲಿ ಎಂದು ಮೆಟ್ಟಿಲುಗಳನ್ನು ಎಂಟೆಂಟು ಇಂಚು ಎತ್ತರ ಮಾಡಿ ಕಡಿಮೆ ಜಾಗದಲ್ಲಿ ಮುಗಿಸಿದ್ದೆ. ಕಾಲೇಜಿನಲ್ಲಿ ಇಂಥದ್ದಕ್ಕೆ ಶಹಬ್ಬಾಸ್ ಸಿಕ್ಕಿದ್ದೂ ಉಂಟು. ಬಸುರಿ ಹೆಂಗಸು, ನೀರಿನ ಬಿಂದಿಗೆ, ಎಂಬತ್ತರ ಅಜ್ಜಿ... ಯಾರೂ ನನ್ನ ತಲೆಗೆ ಬಂದಿರಲಿಲ್ಲ.

ಸಂಜೆ ಕೂತು ಆರಿಂಚಿಗೆ ಇಳಿಸಿ ಮತ್ತೆ ಬರೆದೆ. ಐದು ಮೆಟ್ಟಿಲು ಹೆಚ್ಚಾಯಿತು, ಹಾಲ್‌ನ ಒಂದು ಮೂಲೆ ಹೋಯಿತು. ಮಾರನೆಯ ದಿನ ಸೆಂಟ್ರಿಂಗ್ ಬಿಚ್ಚಿ ಅಂದೆ.

ಮೇಸ್ತ್ರಿ ಕರಣೆ ಬಿಸಾಡಿದ. "ಗಾರೆ ಹೊರೋಳು ಹೇಳಿದ್ಲು ಅಂತ ಬಿಚ್ಬೇಕಾ ಮಾರಾಯ್ತಿ? ನಿಮ್ಮಪ್ಪನ್ನ ಕರ್ಸಿ, ಮಾತಾಡ್ತೀನಿ."

"ಅಪ್ಪ ಬರಲ್ಲ. ನಕ್ಷೆ ನಂದು, ತಪ್ಪೂ ನಂದೇ. ಬಿಚ್ಚಿ."

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ. ಅವನು ಮನೆಯ ಯಜಮಾನರಿಗೆ ಹೇಳಿಕಳಿಸಿದ. ಅವರು ಬರುವುದರೊಳಗೆ ಅಕ್ಕ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಒಂದು ಕಡೆ ಎಂಟಿಂಚಿನ ನಾಲ್ಕು ಮೆಟ್ಟಿಲು, ಪಕ್ಕದಲ್ಲಿ ಆರಿಂಚಿನವು ನಾಲ್ಕು ಮಾಡಿಟ್ಟಿದ್ದಳು. ಯಜಮಾನರ ಜೊತೆ ಅವರ ತಾಯಿಯೂ ಬಂದಿದ್ದರು. ಅಜ್ಜಿ ಮೊದಲನೆಯದರಲ್ಲಿ ಎರಡು ಹತ್ತಿ ಮಗನ ತೋಳು ಹಿಡಿದರು. ಎರಡನೆಯದನ್ನು ಒಬ್ಬರೇ ಹತ್ತಿ, ಇಳಿದು, ಮತ್ತೊಮ್ಮೆ ಹತ್ತಿದರು.

"ಇದೇ ಇರ್ಲಿ ಕಣೋ," ಅಂದರು. "ಹಾಲ್‌ನಲ್ಲಿ ಕುದುರೆ ಓಡಿಸ್ತೀಯಾ?"

ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಆದರೆ ಮಧ್ಯಾಹ್ನ ಹಲಗೆ ಬಿಚ್ಚತೊಡಗಿದವನು, ತಲೆ ಎತ್ತದೆ, "ಮೇಡಂ, ಮೊದಲನೇ ಮೆಟ್ಲು ಎಲ್ಲಿಂದ?" ಎಂದು ನನ್ನನ್ನೇ ಕೇಳಿದ.

ಗೃಹಪ್ರವೇಶದ ದಿನ ಅಜ್ಜಿ ಬಂದವರಿಗೆಲ್ಲ ಮಹಡಿ ಹತ್ತಿ ತೋರಿಸಿದರು. "ಯಾರು ಮಾಡಿದ್ದು?" ಎಂದು ಕೇಳಿದವರಿಗೆ ನನ್ನತ್ತ ಕೈ ತೋರಿದರು. ಅಲ್ಲಿಂದಲೇ ಎರಡು ಮನೆಯ ಕೆಲಸ ಸಿಕ್ಕಿತು. ಆಮೇಲೆ ಕೋಟೆಯ ಹತ್ತಿರ ಒಂದು ಅಂಗಡಿ, ಭದ್ರಾವತಿಯಲ್ಲಿ ಒಂದು ನರ್ಸಿಂಗ್ ಹೋಂ... ಎಲ್ಲ ಸೈಟಿಗೂ ಅಕ್ಕನನ್ನು ಕರೆದೆ. ಕಾಂಕ್ರೀಟು ಸುರಿಯುವ ಮೊದಲು ಅವಳು ಓಡಾಡಿ ನೋಡಬೇಕು, ಅದು ನಮ್ಮ ನಿಯಮ. "ಇಲ್ಲಿ ಕತ್ಲೆ." "ಈ ಬಾಗ್ಲಲ್ಲಿ ಮಂಚ ನುಗ್ಗಲ್ಲ." ನಾನು ಪೆನ್ಸಿಲ್ ಹಿಡಿದು ಹಿಂದೆ ಹೋಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೆ ನನ್ನದೇ ಆಫೀಸು ತೆರೆದೆ. ಅಕ್ಕ ಒಗೆದಿಟ್ಟ ಸೀರೆ ಉಟ್ಟು ಬಂದು ಬೋರ್ಡಿನ ಕೆಳಗೆ ನಿಂತಳು. ಓದಲು ಬರುತ್ತಿರಲಿಲ್ಲ.

"ಏನ್ ಬರ್ದಿದೆ?"

"ನನ್ನ ಹೆಸ್ರು ಅಕ್ಕ."

"ಅಪ್ಪಂದು ಇಲ್ವಾ?"

"ಇಲ್ಲ."

"ಹಂಗಿರ್ಬೇಕು," ಅಂದಳು. ಒಳಗೆ ಬಂದು, ನನ್ನ ಕುರ್ಚಿಯ ಮೇಲೆ ಕೂತೂ ನೋಡಿದಳು.

ಕೆಲವು ವರ್ಷ ಕಳೆದು ಒಂದು ಬೇಸಿಗೆ ಅವಳು ಬರಲಿಲ್ಲ. ಮಗಳ ಊರಿಗೆ ಹೋಗಿದ್ದಾಳೆ ಎಂದರು. ಕಾಯಿಲೆಯಿಂದ ಅಲ್ಲೇ ತೀರಿಕೊಂಡದ್ದು ನನಗೆ ಗೊತ್ತಾದಾಗ ಎರಡು ತಿಂಗಳಾಗಿತ್ತು.

ಈಗ ನನ್ನ ಆಫೀಸಿನಲ್ಲಿ ನಾಲ್ವರು ಹುಡುಗಿಯರಿದ್ದಾರೆ. ಅವರು ಸೈಟಿಗೆ ಹೋದರೆ ಯಾರೂ ಅವರ ಅಪ್ಪನನ್ನು ಕೇಳುವುದಿಲ್ಲ. ಬಯಸಿದ ಬದುಕು ನನಗೆ ಸಿಕ್ಕಿದೆ, ಅದರಲ್ಲಿ ಸಂಕೋಚವೇನಿಲ್ಲ. ಕಟ್ಟಿಸಿದ ಮನೆಗಳ ಫೋಟೋಗಳು ಕಪಾಟಿನ ತುಂಬ ಇವೆ. ಮೊನ್ನೆ ಮಲವಗೊಪ್ಪದಿಂದ ಬಂದು ಎಲ್ಲವನ್ನೂ ಹರವಿಕೊಂಡು ಹುಡುಕಿದೆ. ಒಂದರಲ್ಲೂ ಅಕ್ಕ ಇಲ್ಲ. ಅವೆಲ್ಲ ಕೆಲಸ ಮುಗಿದು, ನೆಲ ತೊಳೆದು, ಕೆಲಸದವರೆಲ್ಲ ಹೊರಟುಹೋದ ಮೇಲೆ ತೆಗೆಸಿದವು.