ನಾನು ಮಾಡದ ಕರೆ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ದೈವದ ಸೂಚನೆ ಯಾವುದನ್ನೂ ನಾನು ನಂಬಿದವಳಲ್ಲ. ಈಗಲೂ ನಂಬುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಕಥೆ ತೆಗೆದವರನ್ನು ಮೂರೇ ಪ್ರಶ್ನೆಯಲ್ಲಿ ಕೂರಿಸುತ್ತಿದ್ದೆ: ನೀವೇ ಕಂಡಿರಾ? ಬೇರೆ ಸಾಕ್ಷಿ ಯಾರು? ಬೇರೆ ಕಾರಣ ಹುಡುಕಿದಿರಾ? ಈಗ ಆ ಪ್ರಶ್ನೆಗಳು ನನ್ನ ಕಡೆಗೇ ತಿರುಗಿವೆ. ತಿರುಗಲಿ. ವಿಚಿತ್ರಗಳೆಲ್ಲ ಅಮಾವಾಸ್ಯೆ ರಾತ್ರಿಯೇ ನಡೆಯಬೇಕು ಎನ್ನುವವರಿಗೆ ಒಂದು ಮಾತು: ನನ್ನದು ನಡೆದದ್ದು ಹಾಡಹಗಲು, ಊಟದ ಡಬ್ಬಿ ತೊಳೆದಿಟ್ಟ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ಟಿ.ಬಿ. ಡ್ಯಾಂನಲ್ಲಿ ಒಂದು ಸಣ್ಣ ಖಾಸಗಿ ಕಂಪನಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಗೇಟು ಎತ್ತಿ ಹೊಳೆಗೆ ನೀರು ಬಿಡುವಾಗ ದಂಡೆಯ ಊರವರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಕಳಿಸುವುದು ನಮ್ಮ ಕೆಲಸ. ಹೊಳೆಗುಂಟ ಕೆಳಗೆ ಕಂಪ್ಲಿಯ ತನಕದ ಸಾವಿರಾರು ನಂಬರು ಡೇಟಾಬೇಸಿನಲ್ಲಿದ್ದವು. ಎಲ್ಲವನ್ನೂ ಒಮ್ಮೆಗೇ ಎಳೆದರೆ ಕಂಪ್ಯೂಟರು ಮಿಸುಕದೆ ನಿಂತುಬಿಡುತ್ತಿತ್ತು. ಅದಕ್ಕೇ ಐವತ್ತೈವತ್ತು ಹೆಸರು ಪರದೆಗೆ ಬರುವಂತೆ ಮಾಡಿದ್ದೆ. ಮೊದಲ ಐವತ್ತು ಬಂದವು, ಕಳಿಸು. ಐವತ್ತು ಬಿಟ್ಟು ಮುಂದಿನವು, ಕಳಿಸು. ಹೀಗೆ.

ಆ ಮಧ್ಯಾಹ್ನ ಕಳಿಸುತ್ತಿದ್ದವಳು ನಾನು. ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಜೊತೆಗೆಲಸದವಳು, ವಡ್ಡು ಊರಿನ ಶಾಂತಕ್ಕ, ಊರು ಬಿಟ್ಟುಹೋದವರ ನಂಬರು ಅಳಿಸುತ್ತಿದ್ದಳು. ಎಲ್ಲ ಮುಗಿಸಿ ತಾಳೆ ನೋಡಿದರೆ ಒಬ್ಬರಿಗೆ ಸಂದೇಶವೇ ಹೋಗಿಲ್ಲ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಊಟದ ಪಂಕ್ತಿ ನೆನಪಿಸಿಕೊಳ್ಳಿ. ಹತ್ತು ಜನಕ್ಕೆ ಬಡಿಸಿ, ಇನ್ನಷ್ಟು ಅನ್ನ ತರಲು ಒಳಗೆ ಹೋಗುತ್ತೀರಿ. ಅಷ್ಟರಲ್ಲಿ ಬಡಿಸಿಕೊಂಡವನೊಬ್ಬ ಎದ್ದುಹೋಗಿ ಉಳಿದವರು ಒಂದೊಂದು ಜಾಗ ಸರಿದು ಕೂರುತ್ತಾರೆ. ನೀವು ಬಂದು ‘ಹತ್ತು ಬಿಟ್ಟು ಮುಂದೆ’ ಎಂದು ಬಡಿಸಿದರೆ, ಹತ್ತನೆಯ ಜಾಗಕ್ಕೆ ಸರಿದವನು ಖಾಲಿ ಎಲೆ ನೋಡುತ್ತ ಕೂತಿರುತ್ತಾನೆ. ಶಾಂತಕ್ಕ ಒಂದು ಹೆಸರು ಅಳಿಸಿದ್ದಳು, ಪಟ್ಟಿ ಮೇಲೆ ಸರಿದಿತ್ತು, ಒಬ್ಬ ನಡುವೆ ಜಾರಿದ್ದ. ಇಲ್ಲಿಯವರೆಗೆ ವಿವರಣೆ ನನ್ನ ಕೈಯಲ್ಲಿದೆ.

ಜಾರಿದವನು ಬುಕ್ಕಸಾಗರದ ಹನುಮಂತಪ್ಪ. ಹೆಂಡತಿ ಹುಲಿಗೆವ್ವನ ಜೊತೆ ಹೊಳೆಯ ನಡುಗಡ್ಡೆಯಲ್ಲಿ ಕುರಿ ಮೇಯಿಸುವವನು. ಗೇಟು ಎತ್ತಿ ಆಗಲೇ ಬಹಳ ಹೊತ್ತಾಗಿತ್ತು. ಆಫೀಸಿನ ಫೋನಿನಿಂದ ಕರೆ ಮಾಡಿದೆ. ಎತ್ತಿದ, ಆದರೆ ನಮ್ಮ ಫ್ಯಾನಿನ ಸದ್ದಿಗೆ ಏನೂ ಕೇಳಿಸಲಿಲ್ಲ. “ಶಾಂತಕ್ಕಾ, ಆ ಫ್ಯಾನ್ ಆರ್ಸಬೇ!” ಎಂದು ಕಿರುಚಿ, ನೀರು ಬರ್ತೈತಿ, ಜಲ್ದಿ ದಂಡಿಗೆ ಬರ್ರಿ ಅಂದೆ.

“ಎಷ್ಟ್ ಸಲ ಹೇಳ್ತೀರಿ ಮೇಡಂ? ಆಗ್ಲೇ ಮಾಡಿದ್ರಲ್ಲ. ಕುರಿ ಹೊಡ್ಕೊಂಡು ದಂಡಿಗೆ ಬಂದು ಕುಂತೀವಿ. ಗಡ್ಡಿ ಅರ್ಧ ಮುಳುಗೈತಿ ನೋಡ್ರಿ.”

ಯಾರು ಮಾಡಿದ್ದರು ಎಂದು ಕೇಳಿದೆ.

“ನೀವರಿ! ಇದ ದನಿ. ಆಗ್ಲೂ ‘ಶಾಂತಕ್ಕಾ ಫ್ಯಾನ್ ಆರ್ಸಬೇ’ ಅಂದ್ರಿ, ಈಗೂ ಅದನ್ನ ಅಂದ್ರಿ. ಆ ಫ್ಯಾನ್ ಒಂದ್ ರಿಪೇರಿ ಮಾಡಸ್ರಿ.”

ಮರುದಿನ ಬಸ್ಸು ಹತ್ತಿ ಬುಕ್ಕಸಾಗರಕ್ಕೆ ಹೋದೆ. ಅವನ ಮೊಬೈಲಿನಲ್ಲಿ ನಮ್ಮ ಆಫೀಸಿನ ಕರೆ ಒಂದೇ ಇತ್ತು, ನಾನು ನಿಜವಾಗಿ ಮಾಡಿದ್ದು. ಅದಕ್ಕೂ ಮೊದಲು ಆ ದಿನ ಯಾರ ಕರೆಯೂ ಇರಲಿಲ್ಲ. ಊರಿನವರು ಕೂಗಿರಬಹುದಾ, ನೆಂಟರು ಹೇಳಿರಬಹುದಾ, ಗಾಬರಿಯಲ್ಲಿ ಒಂದೇ ಕರೆ ಎರಡಾಗಿ ನೆನಪಾಗಿರಬಹುದಾ ಎಂದು ಕೆದಕಿ ಕೆದಕಿ ಕೇಳಿದೆ. ಹುಲಿಗೆವ್ವನಿಗೆ ರೇಗಿತು. “ಎರಡೂ ಸಲ ಸ್ಪೀಕರ್ ಹಚ್ಚಿದ್ರು, ನಾನೂ ಕೇಳೀನಿ. ಪೊಲೀಸರಂಗ ಕೇಳ್ತೀಯಲ್ಲವ್ವ, ನಾವು ಬದುಕಿದ್ದು ತಪ್ಪಾತೇನು?” ಎರಡಾಗಿ ನೆನಪಾಯಿತು ಎನ್ನೋಣವೆಂದರೆ, ನಾನು ಕರೆ ಮಾಡಿದಾಗ ಅವರು ಆಗಲೇ ದಂಡೆಯಲ್ಲಿದ್ದರು.

ಶಾಂತಕ್ಕನ ತೀರ್ಪು ಕೂಡಲೇ ಬಂತು: “ಹೊಳಿಯವ್ವ ನಿನ್ನ ದನಿ ಕಡಾ ಇಸ್ಕೊಂಡಾಳ, ಅಷ್ಟ. ಅದಕ್ಕೂ ವಾದಾ ಮಾಡ್ತಿಯೇನ್ಲೇ?” ಮಾಡಿದೆ. ಹಂಗಾದ್ರ ಹಿಂದೆಲ್ಲ ಕೊಚ್ಚಿಹೋದವರಿಗೆ ನಿನ್ನ ಹೊಳಿಯವ್ವ ಯಾಕ ಫೋನ್ ಮಾಡ್ಲಿಲ್ಲ? ಇದಕ್ಕೆ ಉತ್ತರವಿಲ್ಲದ ದೇವತೆಯನ್ನು ನಾನು ಒಪ್ಪುವುದಿಲ್ಲ. ಹಾಗೆಯೇ ‘ಕಾಕತಾಳೀಯ’ ಎಂದು ಕೈ ಒರೆಸಿಕೊಳ್ಳುವ ನನ್ನ ವಿಚಾರವಾದಿ ಗೆಳೆಯರನ್ನೂ ಒಪ್ಪುವುದಿಲ್ಲ. ಫ್ಯಾನಿನ ಮಾತೂ ಕಾಕತಾಳೀಯವೇ? ವಿವರಣೆ ಇಲ್ಲದ ಕಡೆ ಒಂದು ಪದ ಅಂಟಿಸಿದರೆ ಅದು ವಿವರಣೆಯಾಗುವುದಿಲ್ಲ. ಎರಡೂ ಕಡೆಯವರು ನನ್ನನ್ನು ಎಳೆಯುತ್ತಾರೆ; ಎರಡೂ ಕಡೆ ಹೋಗಲಾರೆ.

ಪ್ರೋಗ್ರಾಂ ತಿದ್ದಿದೆ. ಈಗ ‘ಐವತ್ತು ಬಿಟ್ಟು’ ಎಂದು ಎಣಿಸುವುದಿಲ್ಲ, ಕೊನೆಗೆ ಬಡಿಸಿಕೊಂಡವನ ಗುರುತು ಹಿಡಿದು ಅವನ ಮುಂದಿನವನಿಂದ ಶುರುಮಾಡುತ್ತದೆ. ಯಾರು ಎದ್ದುಹೋದರೂ ಯಾರೂ ಜಾರುವುದಿಲ್ಲ. ಪರೀಕ್ಷಿಸಿದ್ದೇನೆ, ಪಂಥ ಕಟ್ಟುತ್ತೇನೆ. ಆದರೂ ನೀರು ಬಿಡುವ ದಿನ ಹನುಮಂತಪ್ಪನಿಗೆ ಮಾತ್ರ ನಾನೇ ಕರೆ ಮಾಡುತ್ತೇನೆ, ಎಲ್ಲರಿಗಿಂತ ಮೊದಲು. ಅವನಿಗೆ ಅದೊಂದು ತಮಾಷೆ. ಎತ್ತಿದ ಕೂಡಲೇ ಕೇಳುತ್ತಾನೆ: “ಇದು ಮೊದಲ್ನೇದೋ ಎರಡ್ನೇದೋ, ಮೇಡಂ?”

ಮೊದಲನೇದು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಅವನು “ಹೌದ್ರಿ, ಮೊದಲ್ನೇದ” ಅನ್ನುವ ತನಕ ಫೋನು ಇಡುವುದಿಲ್ಲ.