ಅಕ್ಕನ ಎಡಗೆನ್ನೆ

ಅಕ್ಕನನ್ನು ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ಪವರ್‌ಲೂಮ್ ಇಟ್ಟಿದ್ದವರ ಮನೆಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ ಅವಳ ಎಡಗೆನ್ನೆಯಲ್ಲಿ ನೋವು ಶುರುವಾಯಿತು. ಗಾಳಿ ತಾಕಿದರೆ, ಒಂದು ತುತ್ತು ಅಗಿದರೆ ಸಾಕು, ಕರೆಂಟ್ ಹೊಡೆದಂತೆ ಮುಖ ಹಿಡಿದು ಕೂತುಬಿಡುತ್ತಿದ್ದಳು. ಪಲ್ಲಡಂನ ಹಲ್ಲಿನ ಡಾಕ್ಟರು ಒಂದಾದ ಮೇಲೊಂದು ಮೂರು ದವಡೆಹಲ್ಲು ಕಿತ್ತರು. ನೋವು ಹೋಗಲಿಲ್ಲ.

“ಎಲ್ಲಾ ನಡಿಪ್ಪು. ಮಗ್ಗದ ಹತ್ರ ನಿಲ್ಲಬೇಕಲ್ಲ, ಅದಕ್ಕೆ” ಎಂದಳು ಅವಳ ಅತ್ತೆ. ನಾಟಕವೋ ನಿಜವೋ ನೋಡೇಬಿಡೋಣವೆಂದು ಒಂದು ಬೆಳಿಗ್ಗೆ, ಅಕ್ಕನನ್ನು ನೋಡಲು ಹೋಗಿದ್ದ ನನ್ನೆದುರಿಗೇ ಅದೇ ಕೆನ್ನೆಗೆ ಬಾರಿಸಿದಳು. ಅಕ್ಕ ಕೂಗಲಿಲ್ಲ. ನಿಂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಅತ್ತೆ ನಕ್ಕಳು.

ಅಪ್ಪ ಅವಳನ್ನು ಕೊಯಮತ್ತೂರಿಗೆ ಕರೆದೊಯ್ದರು. ಸ್ಕ್ಯಾನ್ ನೋಡಿದ ಡಾಕ್ಟರು ನಿಧಾನವಾಗಿ ತಮಿಳಿನಲ್ಲಿ ವಿವರಿಸಿದರು: ಹುಟ್ಟುವ ಮೊದಲೇ ಚರ್ಮದ ಒಂದು ಚೂರು ತಲೆಯೊಳಗೆ ಸಿಕ್ಕಿಕೊಂಡಿದೆ, ಅಲ್ಲೇ ಬೆಳೆದು ಗಂಟಾಗಿ ನರವನ್ನು ಒತ್ತುತ್ತಿದೆ, ಕ್ಯಾನ್ಸರ್ ಅಲ್ಲ. ಕಿವಿಯ ಹಿಂದೆ ಮೂಳೆ ಕೊರೆದು ಅದನ್ನು ತೆಗೆದರು. ಮುತ್ತಿನಂತೆ ಬೆಳ್ಳಗೆ ಹೊಳೆಯುತ್ತಿತ್ತಂತೆ. ನರಗಳಿಗೆ ಅಂಟಿದ್ದ ಗಂಟಿನ ಪೊರೆಯನ್ನು ಮಾತ್ರ ಮುಟ್ಟದೆ ಬಿಟ್ಟರಂತೆ.

ನೋವು ಹೋಯಿತು. ಆದರೆ ಮುಖದ ನರಕ್ಕೆ ಪೆಟ್ಟಾಗಿ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ರೆಪ್ಪೆಗೆ ಪ್ಲಾಸ್ಟರ್ ಅಂಟಿಸಿ ಮಲಗಿಸುತ್ತಿದ್ದೆವು.

ಹತ್ತನೆಯ ದಿನ ಅತ್ತೆ ಆಸ್ಪತ್ರೆಗೆ ಬಂದಳು. “ತಲೆಯಿಂದ ಮುತ್ತು ತೆಗೆದ್ರಂತಲ್ಲ, ಎಲ್ಲಿ? ಮುತ್ತು ನಿಮ್ಮಪ್ಪನಿಗೆ, ಈ ಮೂತಿ ನಮಗಾ?” ಬಾವ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಆಮೇಲೆ ಕರೆದುಕೊಂಡು ಹೋಗಲೂ ಬರಲಿಲ್ಲ. ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಮರುವರ್ಷ ಪೋತ್ತನೂರಿನಿಂದ, ರೈಲ್ವೆ ಕೆಲಸದಲ್ಲಿದ್ದ ಹುಡುಗನ ಮನೆಯವರು ನನ್ನನ್ನು ನೋಡಲು ಬರುವವರಿದ್ದರು. ಅಕ್ಕ ನನಗೆ ಜಡೆ ಹಾಕಿ, ಹೂ ಮುಡಿಸಿ, ಪಕ್ಕದಲ್ಲಿ ಕೂತಳು.

“ಅಕ್ಕಾ, ಅವರು ಹೋಗೋ ತನಕ ನೀನು ಹಿಂದ್ಗಡೆ ಸೌದೆ ಕೊಟ್ಟಿಗೆಲಿ ಇರು. ಕೇಳಿದ್ರೆ ಊರಲ್ಲಿಲ್ಲ ಅಂತೀವಿ.”

ಅವಳು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸುತ್ತಲೇ ಇದ್ದಳು. ಆಪರೇಷನ್ ಆದಂದಿನಿಂದ ಅವಳಿಗೆ ಎಡಗಿವಿ ಕೇಳುತ್ತಿರಲಿಲ್ಲ, ನಾನು ಕೂತಿದ್ದದ್ದು ಆ ಕಡೆ. ಎದ್ದು ಬಲಗಡೆಗೆ ಬಂದು ಅದನ್ನೇ ಇನ್ನೊಮ್ಮೆ ಹೇಳಿದೆ.

ಅವರು ಒಪ್ಪಿಕೊಂಡು ಹೋದ ಮೇಲೆ ತಟ್ಟೆಯಲ್ಲಿ ಕೇಸರಿಬಾತು ಹಾಕಿಕೊಂಡು ಕೊಟ್ಟಿಗೆಗೆ ಹೋದೆ.

“ಹುಡುಗ ಚೆನ್ನಾಗಿದ್ದಾನಾ?” ಎಂದಳು.

“ಹೂಂ.”

“ಮದುವೆ ದಿನಾನೂ ನಾನು ಇಲ್ಲೇ ಇರಬೇಕಾ?”

“ಹೂಂ” ಎಂದೆ.